ಪದಚರ್ಚೆ: ಅಮೆರಿಕದ ವಸಾಹತುಗಳಲ್ಲಿ ಕಟ್ಟುತ್ತಿದ್ದದ್ದು ತೆರಿಗೆಯೋ, ಸುಂಕವೋ, ಕಂದಾಯವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳು ಓದುವಂಥ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ಬ್ರಿಟಿಷ್ ದೊರೆಯ ಕೈಕೆಳಗಿದ್ದ ಅಮೆರಿಕದ 13 ವಸಾಹತುಗಳಲ್ಲಿ ಯಾರು ಯಾರಿಗೆ ಏನು ಕಟ್ಟುತ್ತಿದ್ದರು, ಯಾಕೆ ಕಟ್ಟುತ್ತಿದ್ದರು ಅನ್ನುವುದು ಅದರ ವಿಷಯ. ಕೆಲಸ ಪದಗಳ ಹತ್ತಿರ ಬಂದು ನಿಂತಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅಲ್ಲಿನ ಎಲ್ಲ ವಸೂಲಿಗೂ ‘ತೆರಿಗೆ’ ಅಂತ ಒಂದೇ ಮಾತು. ಸಕ್ಕರೆಗೂ ತೆರಿಗೆ, ಕಾಗದಕ್ಕೂ ತೆರಿಗೆ, ಚಹಾಕ್ಕೂ ತೆರಿಗೆ. ಹಾಗೆ ಓದಿದ ಹುಡುಗಿಗೋ ಹುಡುಗನಿಗೋ ಒಂದು ಪ್ರಶ್ನೆ ಏಳಲೇಬೇಕು. ಅಷ್ಟು ವರ್ಷ ತೆರಿಗೆ ಕಟ್ಟಿಕೊಂಡು ಸುಮ್ನೆ ಇದ್ದ ಜನ 1765ರಲ್ಲಿ ಇದ್ದಕ್ಕಿದ್ದ ಹಾಗೆ ಯಾಕೆ ತಿರುಗಿಬಿದ್ದರು? ಪುಸ್ತಕ ಇದಕ್ಕೆ ಉತ್ತರ ಕೊಡುವುದಿಲ್ಲ. ಕೊಡುವ ಹಾಗೂ ಇಲ್ಲ. ಯಾವ ವಸೂಲಿ ಯಾವ ಬಗೆಯದು ಅನ್ನುವುದರ ಮೇಲೆಯೇ ಆ ಜಗಳ ನಡೆದದ್ದು. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರೆ ಜಗಳವೇ ಕಾಣುವುದಿಲ್ಲ.

ಈ ಬಗೆಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಮಾತುಗಳು ಮೊದಲಿಂದಲೂ ಇವೆ, ಹೊಸದಾಗಿ ಹುಟ್ಟಿಸಬೇಕಾದ್ದು ತೀರಾ ಕಡಿಮೆ ಅನ್ನುವುದು ನನ್ನ ನಂಬಿಕೆ. ಕೆಲವು ಕಡೆ ನಾನೇ ತೀರ್ಮಾನ ಮಾಡಿದ್ದೇನೆ, ಅದು ಸರಿಯೇ ಅಂತ ನೀವು ನೋಡಬೇಕು. ಎರಡು ಕಡೆ ಮಾತ್ರ ನಿಮ್ಮ ನೆರವು ಇಲ್ಲದೆ ಮುಂದೆ ಹೋಗಲಾರೆ.

ಮೊದಲು ಸುಂಕ. ಸರಕು ಒಂದು ಗಡಿಯನ್ನೋ ಕಟ್ಟೆಯನ್ನೋ ದಾಟುವಾಗ ಕೊಡುವುದು ಸುಂಕ. ಶಾಸನಗಳಲ್ಲಿ ಹೆಜ್ಜುಂಕ ಅಂತ ಬರುತ್ತದಲ್ಲ, ಅಲ್ಲಿಂದ ಬೆಂಗಳೂರಿನ ಸುಂಕದಕಟ್ಟೆಯವರೆಗೂ ಈ ಅರ್ಥ ಹೆಚ್ಚು ಅಲುಗಾಡಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆಯಲ್ಲಿ ಇರುವವನೂ ಕಟ್ಟೆಯ ಮೇಲೆ ಕೂತವನೇ. ತೆರಿಗೆ ಹಾಗಲ್ಲ. ಅದು ‘ತೆರು’ ಅನ್ನುವುದರಿಂದ ಬಂದದ್ದು. ಮದುವೆದೆರೆ, ಗಾಣದೆರೆ, ಮಗ್ಗದೆರೆ ಇವೆಲ್ಲ ಊರಲ್ಲಿ ಕೂತವನ ಮೇಲೆ ಬೀಳುವಂಥವು. ಅವನು ಸರಕು ಹೊತ್ತು ಎಲ್ಲಿಗೂ ಹೊರಡಬೇಕಾಗಿಲ್ಲ. ಮನೆ, ಕಸುಬು, ಮದುವೆ ಇದ್ದರೆ ಸಾಕು.

ಈಗ ಅಮೆರಿಕಕ್ಕೆ ಬನ್ನಿ. 1651ರಿಂದಲೇ ಇಂಗ್ಲೆಂಡಿನ ಪಾರ್ಲಿಮೆಂಟು ಹಡಗು ಸಾಗಾಟದ ಕಾಯ್ದೆಗಳನ್ನು ಮಾಡುತ್ತ ಬಂತು. 1660ರ ಕಾಯ್ದೆಯ ಪ್ರಕಾರ ವಸಾಹತುಗಳ ಸಕ್ಕರೆ, ಹೊಗೆಸೊಪ್ಪು, ಹತ್ತಿ, ನೀಲಿ ಮುಂತಾದ ಪಟ್ಟಿಯ ಮಾಲುಗಳು ಇಂಗ್ಲೆಂಡಿಗೋ ಅದರ ಇನ್ನೊಂದು ವಸಾಹತಿಗೋ ಮಾತ್ರ ಹೋಗಬೇಕು. 1673ರಲ್ಲಿ ಇನ್ನೊಂದು ನಿಯಮ ಸೇರಿತು. ಆ ಮಾಲನ್ನು ಒಂದು ವಸಾಹತಿನಿಂದ ಇನ್ನೊಂದಕ್ಕೆ ಕಳಿಸಿದರೂ ಬಂದರಿನಲ್ಲಿ ಸುಂಕ ಕೊಡಬೇಕು, ಹೊಗೆಸೊಪ್ಪಿಗೆ ಪೌಂಡ್ ತೂಕಕ್ಕೆ ಒಂದು ಪೆನ್ನಿ. ಇದರ ಉದ್ದೇಶ ಬೊಕ್ಕಸ ತುಂಬುವುದಕ್ಕಿಂತ ಜಾಸ್ತಿ ವ್ಯಾಪಾರವನ್ನು ಲಂಡನ್ನಿನ ಕಡೆಗೇ ತಿರುಗಿಸಿ ಇಡುವುದು. ವಸಾಹತಿನವರು ಗೊಣಗಿದರು, ಕದ್ದು ಸಾಗಿಸಿದರು. ಆದರೂ ಸಮುದ್ರ ವ್ಯಾಪಾರಕ್ಕೆ ಕಟ್ಟುಪಾಡು ಹಾಕುವ ಅಧಿಕಾರ ಪಾರ್ಲಿಮೆಂಟಿಗೆ ಇದೆ ಅನ್ನುವುದನ್ನು ಬಹುಪಾಲು ಒಪ್ಪಿಕೊಂಡಿದ್ದರು.

1733ರ ಕಾಯ್ದೆ ಇದೇ ಸಾಲಿನದು. ಇದನ್ನು ನಮ್ಮ ಪುಸ್ತಕಗಳು ‘ಮೊಲಾಸಸ್ ಕಾಯಿದೆ’ ಅಂತ ಬರೆಯುತ್ತವೆ. ಮಂಡ್ಯದ ಹುಡುಗನಿಗೂ ಮುಧೋಳದ ಹುಡುಗಿಗೂ ಕಾಕಂಬಿ ಗೊತ್ತು. ಸಕ್ಕರೆ ಕಾರ್ಖಾನೆ ಇರುವ ಕಡೆಯೆಲ್ಲ ಅದರ ವಾಸನೆಯೇ ಇರುತ್ತದೆ. ಹಾಗಿರುವಾಗ ‘ಮೊಲಾಸಸ್’ ಯಾಕೆ? ನಾನು ಕಾಕಂಬಿ ಕಾಯ್ದೆ ಅಂತಲೇ ಬರೆದಿದ್ದೇನೆ. ಕೆರಿಬಿಯನ್ ದ್ವೀಪಗಳ ಫ್ರೆಂಚ್ ತೋಟಗಳಿಂದ ಬರುವ ಅಗ್ಗದ ಕಾಕಂಬಿಗೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಹಾಕಿದರು. ಅದರಿಂದ ರಮ್ ಕಾಯಿಸುತ್ತಿದ್ದ ನ್ಯೂ ಇಂಗ್ಲೆಂಡಿನವರಿಗೆ, ಅಂದರೆ ಮ್ಯಾಸಚೂಸೆಟ್ಸ್ ಮುಂತಾದ ಉತ್ತರದ ವಸಾಹತುಗಳವರಿಗೆ, ಇದನ್ನು ಕಟ್ಟಿದರೆ ಕಸುಬು ನಡೆಯುತ್ತಿರಲಿಲ್ಲ. ಸುಂಕದವರ ಕೈ ಬೆಚ್ಚಗೆ ಮಾಡಿ ಮಾಲು ಇಳಿಸಿಕೊಂಡರು. ಒಂದು ತಲೆಮಾರು ಹೀಗೇ ನಡೆಯಿತು. ಅಮೆರಿಕದ ಬಂದರುಗಳಿಂದ ಬರುತ್ತಿದ್ದ ಹಣ ಅಲ್ಲಿ ಸುಂಕ ವಸೂಲಿ ಮಾಡುವವರ ಸಂಬಳಕ್ಕೂ ಸಾಲುತ್ತಿರಲಿಲ್ಲ.

ಆಮೇಲೆ ಬ್ರಿಟನ್, ಫ್ರಾನ್ಸುಗಳ ನಡುವಿನ ಏಳು ವರ್ಷಗಳ ಯುದ್ಧ ಮುಗಿಯಿತು. 1763ರ ಹೊತ್ತಿಗೆ ಬ್ರಿಟನ್ನಿನ ಮೇಲೆ ಸುಮಾರು 13 ಕೋಟಿ ಪೌಂಡ್ ಸಾಲ. ಯುದ್ಧ ಮುಗಿದರೂ ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡುವ ಯೋಜನೆ. ಆ ಖರ್ಚಿನ ಒಂದು ಪಾಲನ್ನು ಅಲ್ಲಿನವರೇ ಕೊಡಲಿ ಅಂತ ಮಂತ್ರಿ ಗ್ರೆನ್‌ವಿಲ್ ಹೊರಟ. 1764ರ ಸಕ್ಕರೆ ಕಾಯ್ದೆಯಲ್ಲಿ ಕಾಕಂಬಿಯ ಸುಂಕವನ್ನು 6 ಪೆನ್ಸಿನಿಂದ 3 ಪೆನ್ಸಿಗೆ ಇಳಿಸಿದ. ಇಳಿಸಿದ ಮೇಲೆ ಜನ ಖುಷಿಪಡಬೇಕಿತ್ತು ಅಲ್ವಾ? ಆದರೆ ಈ ಸಲ ವಸೂಲಿ ನಿಜವಾಗಿ ಆಗುವ ಹಾಗೆ ಏರ್ಪಾಡು ಮಾಡಿದ್ದರು. ಇನ್ನೂ ದೊಡ್ಡ ವಿಷಯ ಕಾಯ್ದೆಯ ಪೀಠಿಕೆಯಲ್ಲೇ ಇತ್ತು. ಅಮೆರಿಕದಲ್ಲಿ ಆದಾಯ ಎತ್ತುವುದೇ ಇದರ ಉದ್ದೇಶ ಅಂತ ಅಲ್ಲಿ ಬಾಯಿಬಿಟ್ಟು ಹೇಳಿತ್ತು. ಅಂದರೆ ಕಟ್ಟೆ ಅದೇ, ಸುಂಕದವನು ಅದೇ, ವಸೂಲಿಯ ಕಾರಣ ಮಾತ್ರ ಬದಲಾಯಿತು.

1765ರಲ್ಲಿ ಕಾಗದಪತ್ರಗಳ ಮೇಲೆ ಹಾಕಿದ ವಸೂಲಿಗೆ ಜನ ತಿರುಗಿಬಿದ್ದರು, ಅದರ ಕಥೆ ಮುಂದೆ ಬರುತ್ತದೆ. ಆ ಗಲಾಟೆಯ ಬಗ್ಗೆ 1766ರ ಫೆಬ್ರವರಿಯಲ್ಲಿ, ಪೆನ್ಸಿಲ್ವೇನಿಯಾದ ಪರವಾಗಿ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಪಾರ್ಲಿಮೆಂಟಿನ ಕೆಳಮನೆ ಕರೆಸಿ ಪ್ರಶ್ನೆ ಕೇಳಿತು. ಅವನು ಕೊಟ್ಟ ಉತ್ತರದ ಸಾರ ಇದು. ಹೊರಗಿನಿಂದ ಬರುವ ಸರಕಿನ ಮೇಲೆ ಹಾಕಿದ್ದು ಸರಕಿನ ಬೆಲೆಗೆ ಸೇರುತ್ತದೆ, ಆ ಬೆಲೆ ಬೇಡ ಅನಿಸಿದರೆ ನಾವು ಕೊಳ್ಳದೆ ಇರಬಹುದು. ಒಳಗೆ ಹಾಕಿದ್ದು ಹಾಗಲ್ಲ, ನಮ್ಮ ಒಪ್ಪಿಗೆ ಇಲ್ಲದೆ ನಮ್ಮಿಂದ ಕಿತ್ತುಕೊಳ್ಳುವಂಥದು. ಅವನಿಗೆ ಇದನ್ನು ಹೇಳಲು ಹೊರಗಿನದು, ಒಳಗಿನದು ಅಂತ ಎರಡು ವಿಶೇಷಣ ಬೇಕಾದವು. ಕನ್ನಡದಲ್ಲಿ ಹೇಳಿದ್ದರೆ ಸುಂಕ, ತೆರಿಗೆ ಅಂದರೆ ಸಾಕಿತ್ತು.

ಲಂಡನ್ನಿನ ಖಜಾನೆ ಮಂತ್ರಿ ಟೌನ್ಸೆಂಡ್ ಆ ಮಾತನ್ನೇ ಹಿಡಿದುಕೊಂಡ. ನಿಮಗೆ ಹೊರಗಿನದು ಒಪ್ಪಿಗೆ ತಾನೇ, ತಗೊಳ್ಳಿ ಅಂತ 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಬಂದರಿನಲ್ಲೇ ವಸೂಲಿ ಇಟ್ಟ. ಚಹಾಕ್ಕೆ ಪೌಂಡಿಗೆ 3 ಪೆನ್ಸ್. ಪೆನ್ಸಿಲ್ವೇನಿಯಾದ ವಕೀಲ ಜಾನ್ ಡಿಕಿನ್ಸನ್ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಎಲ್ಲಿ ವಸೂಲಿ ಮಾಡುತ್ತೀರಿ ಅನ್ನುವುದು ಮುಖ್ಯವಲ್ಲ, ಯಾಕೆ ಮಾಡುತ್ತೀರಿ ಅನ್ನುವುದೇ ಮುಖ್ಯ ಅಂದ. ಆ ಹಣದಿಂದ ಗವರ್ನರುಗಳಿಗೂ ನ್ಯಾಯಾಧೀಶರಿಗೂ ಸಂಬಳ ಕೊಡುವ ಇರಾದೆ ಇತ್ತು. ಮ್ಯಾಸಚೂಸೆಟ್ಸಿನಂಥ ಕಡೆ ಗವರ್ನರನ ಸಂಬಳವನ್ನು ವರ್ಷವರ್ಷ ಮಂಜೂರು ಮಾಡುತ್ತಿದ್ದದ್ದು ಅಲ್ಲಿನ ಶಾಸನಸಭೆ. ದೊರೆಯ ಅಧಿಕಾರಿಯನ್ನು ಬಗ್ಗಿಸಲು ಅವರ ಕೈಯಲ್ಲಿ ಇದ್ದ ಹಿಡಿತ ಅದೊಂದೇ. ಅದೂ ಹೋದರೆ ಸಭೆ ಸೇರಿ ಮಾಡುವುದೇನು?

ಹಾಗಾದರೆ ಟೌನ್ಸೆಂಡನ ವಸೂಲಿಯನ್ನು ಕನ್ನಡದಲ್ಲಿ ಏನಂತ ಬರೆಯಬೇಕು? ನನ್ನ ತೀರ್ಮಾನ ಇದು. ಪಾರ್ಲಿಮೆಂಟಿನ ಕಡೆಯಿಂದ ಮಾತಾಡುವಾಗ ‘ಸುಂಕ’. ವಸಾಹತಿನವರ ಬಾಯಲ್ಲಿ ‘ತೆರಿಗೆ’. ಒಂದೇ ಪ್ಯಾರಾದಲ್ಲಿ ಎರಡೂ ಬಂದರೆ ಓದುವವರಿಗೆ ಗೊಂದಲ ಅಂತ ಕೆಲವರು ಹೇಳಬಹುದು. ಆ ಗೊಂದಲವೇ ಅಲ್ಲಿನ ಜಗಳ, ಅದನ್ನು ಮುಚ್ಚುವುದು ಬೇಡ ಅನ್ನುವುದು ನನ್ನ ಮಾತು.

ಇದಕ್ಕೆ ಒಗ್ಗದ ಒಂದು ಸಂಗತಿಯನ್ನೂ ಹೇಳಬೇಕು. 1766ರಲ್ಲಿ ಕಾಕಂಬಿಯ ಸುಂಕವನ್ನು ಗ್ಯಾಲನ್ನಿಗೆ ಒಂದು ಪೆನ್ನಿಗೆ ಇಳಿಸಿ, ಕೆರಿಬಿಯನ್ನಿನ ಬ್ರಿಟಿಷ್ ದ್ವೀಪಗಳ ಕಾಕಂಬಿಗೂ ಹಾಕಿದರು. ಫ್ರೆಂಚರದ್ದು, ನಮ್ಮದು ಅನ್ನುವ ಭೇದವೇ ಹೋದ ಮೇಲೆ ಅದು ಬರೀ ಆದಾಯಕ್ಕೆ ಎತ್ತುವ ಹಣ. ಡಿಕಿನ್ಸನ್ನನ ಅಳತೆಯಲ್ಲಿ ಅದು ತೆರಿಗೆಯೇ. ಆದರೂ ಜನ ಹೆಚ್ಚು ಸದ್ದಿಲ್ಲದೆ ಕಟ್ಟಿದರು. ಲಂಚಕ್ಕಿಂತ ಅಗ್ಗವಾದಾಗ ತತ್ವದ ಮಾತು ಕಡಿಮೆಯಾಗುತ್ತದೆ. ಮಕ್ಕಳ ಪುಸ್ತಕದಲ್ಲೂ ಇದನ್ನು ಬಿಡಬಾರದು ಅಂದುಕೊಂಡಿದ್ದೇನೆ.

ಎರಡನೆಯದು ‘ಸ್ಟಾಂಪ್ ಕಾಯಿದೆ’. ಈ ಹೆಸರು ಕೇಳಿದ ಮಕ್ಕಳ ಕಣ್ಣಿಗೆ ಬರುವುದು ಅಂಚೆ ಚೀಟಿ. ಅಂಟಿಸುವ ಅಂಚೆ ಚೀಟಿ ಹುಟ್ಟಿದ್ದು 1840ರಲ್ಲಿ. 1765ರಲ್ಲಿ ಇದ್ದದ್ದು ಸರಕಾರ ಮುದ್ರೆ ಒತ್ತಿ ಕಳಿಸುವ ಕಾಗದ. ಜಮೀನಿನ ಕ್ರಯಪತ್ರ, ಸಾಲಪತ್ರ, ಕೋರ್ಟಿನ ಅರ್ಜಿ, ಪತ್ರಿಕೆ, ಪಂಚಾಂಗ ಎಲ್ಲವನ್ನೂ ಮುದ್ರೆ ಬಿದ್ದ ಕಾಗದದ ಮೇಲೆಯೇ ಬರೆಯಬೇಕು ಅಥವಾ ಅಚ್ಚು ಹಾಕಬೇಕು. ಇದಕ್ಕೆ ನಮ್ಮಲ್ಲಿ ಛಾಪಾ ಕಾಗದ ಅನ್ನುವ ಮಾತು ಇದೆ. ಅಜ್ಜಂದಿರ ಕಾಲದ ಪತ್ರಗಳನ್ನು ತೆಗೆದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಮುದ್ರಾಂಕ’ ಅನ್ನುವುದು ಇಲಾಖೆಯ ಬೋರ್ಡಿನ ಮೇಲಿನ ಪದ. ತಪ್ಪೇನಿಲ್ಲ, ಆದರೆ ಮಕ್ಕಳಿಗೆ ಕಣ್ಣಿಗೆ ಕಟ್ಟುವುದಿಲ್ಲ. ಹಾಗಾಗಿ 1765ರದ್ದನ್ನು ಛಾಪಾ ಕಾಗದದ ಕಾಯ್ದೆ ಅಂತ ಬರೆದಿದ್ದೇನೆ. ಇದಕ್ಕೆ ಆಕ್ಷೇಪ ಇದ್ದರೆ ಗಟ್ಟಿಯಾಗಿ ಹೇಳಿ, ಯಾಕೆಂದರೆ ಅಧ್ಯಾಯದ ಹೆಸರೇ ಇದು.

ಆ ಕಾಯ್ದೆಯ ಪಟ್ಟಿಯನ್ನು ಓದುವುದೇ ಒಂದು ಪಾಠ. ವಕೀಲಿಕೆಯ ಸನ್ನದಿಗೆ 10 ಪೌಂಡ್. ಕಾಲೇಜಿನ ಪದವಿಪತ್ರಕ್ಕೆ 2 ಪೌಂಡ್. ಇಸ್ಪೀಟಿನ ಒಂದು ಕಟ್ಟಿಗೆ ಒಂದು ಷಿಲಿಂಗ್, ದಾಳದ ಜೋಡಿಗೆ 10 ಷಿಲಿಂಗ್. ಪತ್ರಿಕೆಯ ಅರ್ಧ ಹಾಳೆಗೆ ಅರ್ಧ ಪೆನ್ನಿ. ಭಾಷೆಯ ಬಳಗವಾದ ನಾವು ಗಮನಿಸಬೇಕಾದ ಒಂದು ಕಲಮು ಇದೆ. ಪತ್ರ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿದ್ದರೆ ದುಪ್ಪಟ್ಟು ಕಟ್ಟಬೇಕು! ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ ಮಾತಾಡುವ ರೈತರು ಬಹಳ ಇದ್ದರು. ಅವರ ಪತ್ರಿಕೆ, ಅವರ ಪಂಚಾಂಗ, ಅವರ ಮನೆಯ ಪತ್ರ ಎಲ್ಲ ಜರ್ಮನ್ನಿನಲ್ಲೇ. ತಮ್ಮ ಮಾತಿನಲ್ಲಿ ಬರೆದದ್ದಕ್ಕೆ ಅವರು ಎರಡರಷ್ಟು ತೆರಬೇಕಿತ್ತು. ಇದನ್ನು ನಮ್ಮ ಪುಸ್ತಕಗಳು ಯಾಕೆ ಬಿಟ್ಟವು ಅಂತ ನನಗೆ ಬೇಸರವಿದೆ. ಭಾಷೆಯ ಮೇಲೆ ಬಿದ್ದ ತೆರಿಗೆಯನ್ನು ಕನ್ನಡದ ಮಕ್ಕಳಿಗಿಂತ ಚೆನ್ನಾಗಿ ಯಾರು ಅರ್ಥ ಮಾಡಿಕೊಂಡಾರು?

ಈ ಹಣವನ್ನು ಸ್ಟರ್ಲಿಂಗ್ ಲೆಕ್ಕದಲ್ಲಿ ಕೊಡಬೇಕಿತ್ತು. ವಸಾಹತುಗಳಲ್ಲಿ ಓಡುತ್ತಿದ್ದದ್ದು ಅವರವರ ಕಾಗದದ ನೋಟು, ಸ್ಪೇನಿನ ಬೆಳ್ಳಿ ನಾಣ್ಯ. ಹಿಂದಿನ ವರ್ಷವಷ್ಟೇ ಸಾಲ ತೀರಿಸಲು ಚಲಾವಣೆಯಾಗುವಂಥ ಹೊಸ ನೋಟು ಅಚ್ಚು ಹಾಕಬೇಡಿ ಅಂತ ಪಾರ್ಲಿಮೆಂಟು ಕಟ್ಟಪ್ಪಣೆ ಮಾಡಿತ್ತು. ಕೊಡು ಅಂತಲೂ ಹೇಳಿ, ಕೊಡಲು ಬೇಕಾದ ಹಣವನ್ನೂ ಬಿಗಿಮಾಡಿದ ಹಾಗಾಯಿತು. ಬೋಸ್ಟನ್ನಿನಲ್ಲಿ ಛಾಪಾ ಕಾಗದ ಹಂಚಬೇಕಿದ್ದ ಆಂಡ್ರ್ಯೂ ಆಲಿವರನ ಗೊಂಬೆಯನ್ನು 1765ರ ಆಗಸ್ಟ್ 14ರಂದು ಜನ ಮರಕ್ಕೆ ನೇತುಹಾಕಿದರು. ಅವನು ಆ ಕೆಲಸ ಬಿಟ್ಟ. ಬೇರೆ ಊರುಗಳಲ್ಲೂ ಹಂಚುವವರು ಒಬ್ಬೊಬ್ಬರಾಗಿ ಕೈತೊಳೆದುಕೊಂಡರು. ಕಾಯ್ದೆ ನವೆಂಬರ್ 1ಕ್ಕೆ ಜಾರಿಗೆ ಬರುವ ಹೊತ್ತಿಗೆ ಕಾಗದ ಮಾರಲು ಆಳೇ ಇರಲಿಲ್ಲ. 1766ರ ಮಾರ್ಚ್ 18ಕ್ಕೆ ಅದು ರದ್ದಾಯಿತು. ಆದರೆ ಅದೇ ದಿನ ಇನ್ನೊಂದು ಕಾಯ್ದೆ ಮಾಡಿ, ವಸಾಹತುಗಳ ಮೇಲೆ ಯಾವ ಕಾನೂನು ಬೇಕಾದರೂ ಮಾಡುವ ಹಕ್ಕು ತನಗಿದೆ ಅಂತ ಪಾರ್ಲಿಮೆಂಟು ಸಾರಿಕೊಂಡಿತು.

ಆಲಿವರನ ಗೊಂಬೆ ತೂಗಿದ ಅದೇ ಆಗಸ್ಟ್ ತಿಂಗಳಲ್ಲಿ ಅಲಹಾಬಾದಿನಲ್ಲಿ ಮೊಗಲ್ ಬಾದಶಹ ಷಾ ಆಲಮ್ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ದಿವಾನಿ ಕೊಟ್ಟ. ದಿವಾನಿ ಅಂದರೆ ಕಂದಾಯ ಎತ್ತುವ ಹಕ್ಕು. ಒಂದೇ ಸಾಮ್ರಾಜ್ಯ, ಒಂದೇ ತಿಂಗಳು. ಅಲ್ಲಿ ಪತ್ರಿಕೆಯ ಅರ್ಧ ಪೆನ್ನಿಗೆ ಶಾಸನಸಭೆಗಳು ಎದ್ದು ನಿಂತವು. ಇಲ್ಲಿ ಎದ್ದು ನಿಲ್ಲಲು ರೈತನಿಗೆ ಸಭೆಯೇ ಇರಲಿಲ್ಲ. 1773ರ ಡಿಸೆಂಬರ್ 16ರಂದು ಬೋಸ್ಟನ್ ಬಂದರಿನ ನೀರಿಗೆ ಬಿದ್ದ 342 ಪೆಟ್ಟಿಗೆ ಚಹಾ ಕೂಡ ಇದೇ ಕಂಪನಿಯದ್ದು.

ಇನ್ನು ನಿಮ್ಮ ನೆರವು ಬೇಕಾದ ಮೊದಲ ಪದ. ‘ಕ್ವಿಟ್‌ರೆಂಟ್’. ವರ್ಜೀನಿಯಾದಲ್ಲಿ ಜಮೀನು ಪಡೆದವನು ದೊರೆಗೆ ವರ್ಷಕ್ಕೆ 100 ಎಕರೆಗೆ 2 ಷಿಲಿಂಗ್ ಕೊಡಬೇಕಿತ್ತು. ಫಸಲು ಎಷ್ಟೇ ಬರಲಿ, ಬೆಲೆ ಎಷ್ಟೇ ಏರಲಿ, ಅಷ್ಟೇ. ಅದನ್ನು ಕೊಟ್ಟರೆ ನೆಲದೊಡೆಯನಿಗೆ ಬೇರೆ ಯಾವ ಬಿಟ್ಟಿ ಸೇವೆಯೂ ಇಲ್ಲ. ಜಮೀನನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಇದಕ್ಕೆ ಭೂಕಂದಾಯ ಅಂದರೆ ಸರಿಯಾಗುವುದಿಲ್ಲ. ಕಂದಾಯ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಮಣ್ಣಿನ ಗುಣ ನೋಡಿ, ತರಿ ಖುಷ್ಕಿ ಅಂತ ವಿಂಗಡಿಸಿ ದರ ಕಟ್ಟುವುದು. ವರ್ಜೀನಿಯಾದಲ್ಲಿ ಇಂಥ ವಿಂಗಡಣೆ ಇರಲಿಲ್ಲ.

ಹಳೆ ಮೈಸೂರಿನಲ್ಲಿ ಇದಕ್ಕೆ ಹತ್ತಿರದ ಮಾತು ‘ಜೋಡಿ’. ಇನಾಮು ಭೂಮಿಯ ಮೇಲೆ ಪೂರ್ತಿ ಕಂದಾಯ ಬಿಟ್ಟು ಹಗುರವಾಗಿ ಎತ್ತುತ್ತಿದ್ದದ್ದು ಜೋಡಿ. ಕಂಪನಿಯ ಕಾಲದ ಇಂಗ್ಲಿಷ್ ಬರವಣಿಗೆಯಲ್ಲಿ ಜೋಡಿಯನ್ನು ಕ್ವಿಟ್‌ರೆಂಟ್ ಅಂತಲೇ ಅನುವಾದ ಮಾಡುತ್ತಿದ್ದರು. ಮುಂಬಯಿ ಕರ್ನಾಟಕದಲ್ಲಿ ಇದೇ ‘ಜುಡಿ’. ಅಂದ ಮೇಲೆ ಹಿಂದಿರುಗಿ ಅನುವಾದ ಮಾಡಿದರೆ ಮುಗಿಯಿತಲ್ಲ ಅನಿಸುತ್ತದೆ. ಆದರೆ ಜೋಡಿದಾರ ಅಂದರೆ ಊರಿನ ಮೇಲೆ ಕೂತವನು. ಅವನ ಕೆಳಗೆ ರೈತರು ಇರುತ್ತಿದ್ದರು, ಅವರಿಂದ ಅವನು ಎತ್ತುತ್ತಿದ್ದ. ವರ್ಜೀನಿಯಾದಲ್ಲಿ 100 ಎಕರೆಯ ಸಣ್ಣ ಒಕ್ಕಲಿಗನೂ ಇದನ್ನು ಕಟ್ಟುತ್ತಿದ್ದ. ಅದೂ ಅಲ್ಲದೆ ಈಗಿನ ಮಕ್ಕಳಿಗೆ ಜೋಡಿ ಅಂದರೆ ಸಿನಿಮಾದ ನಾಯಕ ನಾಯಕಿ. ಇನ್ನೊಂದು ಆಯ್ಕೆ ‘ಕಟ್ಟುಗುತ್ತಿಗೆ’. ಒಂದು ಸಲ ಗೊತ್ತುಮಾಡಿದರೆ ಏರದ, ಇಳಿಯದ ಹಣ. ಅರ್ಥದಲ್ಲಿ ಇದೇ ಜಾಸ್ತಿ ಸರಿ. ಆದರೆ ಗುತ್ತಿಗೆ ಅಂದರೆ ಈಗ ರಸ್ತೆ ಕಾಮಗಾರಿ, ಹಂಗಾಮಿ ನೌಕರಿ ಆಗಿಬಿಟ್ಟಿದೆ.

ಕರಾವಳಿಯವರು ಈಗ ‘ಮೂಲಗೇಣಿ’ ಅನ್ನುತ್ತೀರಿ ಅಂತ ಗೊತ್ತು. ಗೇಣಿ ಏರುವುದಿಲ್ಲ, ಒಕ್ಕಲು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ತೊಡಕು ಒಂದೇ. ಮೂಲಗೇಣಿ ಹೋಗುವುದು ಧಣಿಗೆ, ಸರಕಾರಕ್ಕಲ್ಲ. ಹಾಗೆ ನೋಡಿದರೆ ಪೆನ್ಸಿಲ್ವೇನಿಯಾಕ್ಕೆ ಇದು ಚೆನ್ನಾಗಿ ಕೂರುತ್ತದೆ. ಅಲ್ಲಿ ನೆಲದೊಡೆಯರು ದೊರೆಯಿಂದ ಸನ್ನದು ಪಡೆದ ಪೆನ್ ಮನೆತನದವರು. ಕ್ವಿಟ್‌ರೆಂಟ್ ಹೋಗುತ್ತಿದ್ದದ್ದು ಅವರಿಗೆ. ಮೇರಿಲ್ಯಾಂಡಿನಲ್ಲಿ ಕ್ಯಾಲ್ವರ್ಟ್ ಮನೆತನಕ್ಕೆ. ಪೆನ್ ಮನೆತನದವರು ಜನರಿಂದ ಗೇಣಿ ತೆಗೆದುಕೊಳ್ಳುತ್ತಿದ್ದರು, ಆದರೆ ತಮ್ಮ ಸ್ವಂತ ಜಮೀನಿನ ಮೇಲೆ ವಸಾಹತಿನ ಸಭೆ ತೆರಿಗೆ ಹಾಕಲು ಬಿಡುತ್ತಿರಲಿಲ್ಲ. ಗಡಿಯಲ್ಲಿ ಯುದ್ಧ ನಡೆಯುತ್ತಿದ್ದಾಗಲೂ ಬಿಡಲಿಲ್ಲ. 1757ರಲ್ಲಿ ಫ್ರಾಂಕ್ಲಿನ್ ಲಂಡನ್ನಿಗೆ ಹಡಗು ಹತ್ತಿದ್ದು ಈ ದೂರು ಹೊತ್ತುಕೊಂಡೇ. ನ್ಯೂ ಇಂಗ್ಲೆಂಡಿನಲ್ಲಿ ಇದು ಬೇರೂರಲೇ ಇಲ್ಲ, ಅಲ್ಲಿ ಊರಿನವರೇ ಸೇರಿ ಜಮೀನು ಹಂಚಿಕೊಂಡಿದ್ದರು.

ದೊರೆಗೆ ಹೋಗುವ ಕಡೆ ಕಟ್ಟುಗುತ್ತಿಗೆ, ಧಣಿ ಮನೆತನಕ್ಕೆ ಹೋಗುವ ಕಡೆ ಮೂಲಗೇಣಿ ಅಂತ ಎರಡು ಪದ ಇಟ್ಟುಕೊಳ್ಳಲೇ? ಅಥವಾ ಎರಡಕ್ಕೂ ಹೊಂದುವ ಒಂದು ಮಾತು ನಿಮ್ಮ ಊರಿನ ಹಳೆ ಲೆಕ್ಕದ ಪುಸ್ತಕದಲ್ಲಿ ಇದೆಯೇ? ಶಾನುಭೋಗರ ಮನೆತನದವರು, ಕಂದಾಯ ಇಲಾಖೆಯಲ್ಲಿ ದುಡಿದವರು ನಮ್ಮಲ್ಲಿ ಇದ್ದೀರಿ. ದಯವಿಟ್ಟು ಹೇಳಿ.

ಎರಡನೆಯ ಪದ ಇನ್ನೂ ಕಷ್ಟದ್ದು. ವರ್ಜೀನಿಯಾದ ‘ಟೈದಬಲ್’, ಅಂದರೆ ವಸೂಲಿಯ ಲೆಕ್ಕಕ್ಕೆ ಬರುವ ತಲೆ. ಅಲ್ಲಿ ಇಡೀ ವಸಾಹತಿನ ಖರ್ಚಿಗೆ ಒಂದು, ಕೌಂಟಿಯ (ನಮ್ಮ ಜಿಲ್ಲೆಯಂಥದು) ಖರ್ಚಿಗೆ ಒಂದು, ಚರ್ಚಿನ ಖರ್ಚಿಗೆ ಒಂದು ಅಂತ ಮೂರು ವಸೂಲಿ ಇದ್ದವು. ಮೂರನ್ನೂ ತಲೆ ಲೆಕ್ಕದಲ್ಲಿ ಹಂಚುತ್ತಿದ್ದರು, ಮೂರನ್ನೂ ಹೊಗೆಸೊಪ್ಪಿನಲ್ಲಿ ಕಟ್ಟುತ್ತಿದ್ದರು. ವಸೂಲಿಗೆ ಬರುತ್ತಿದ್ದವನು ಷರೀಫ. ಸಿನಿಮಾದ ಬಂದೂಕಿನ ಷರೀಫನನ್ನು ಮಕ್ಕಳು ಇಲ್ಲಿ ಮರೆಯಬೇಕು. ಆದರೆ ಲೆಕ್ಕಕ್ಕೆ ಬರುವ ತಲೆ ಯಾವುದು? 16 ವರ್ಷ ದಾಟಿದ ಬಿಳಿಯ ಗಂಡಸರೆಲ್ಲ. 16 ದಾಟಿದ ಕಪ್ಪು ಜನರಲ್ಲಿ ಗಂಡಸರೂ ಹೆಂಗಸರೂ. 1643ರ ಕಾನೂನು ಆಫ್ರಿಕಾ ಮೂಲದ ಹೆಂಗಸರನ್ನು ಈ ಪಟ್ಟಿಗೆ ಸೇರಿಸಿತು. ಬಿಳಿಯ ಹೆಂಗಸು ಮನೆಯೊಳಗೆ ಇರುವವಳು, ಕಪ್ಪು ಹೆಂಗಸು ಹೊಲದಲ್ಲಿ ದುಡಿಯುವವಳು ಅಂತ ಕಾನೂನೇ ತೀರ್ಮಾನ ಮಾಡಿತು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸಿಗೂ ವಿನಾಯಿತಿ ಇಲ್ಲ ಅಂತ 1668ರಲ್ಲಿ ಇನ್ನೊಮ್ಮೆ ಬಿಡಿಸಿ ಹೇಳಿದರು. ಅವಳಿಗೆ ಆ ಭಾರ ಇಳಿದದ್ದು 1769ರಲ್ಲಿ. ನೂರು ವರ್ಷ! ಬಡ ಸಂಸಾರವೊಂದು ತನ್ನ ಹೆಂಡತಿಗಾಗಿ, ಬೆಳೆದ ಮಗಳಿಗಾಗಿ ವರ್ಷವರ್ಷ ಹೊಗೆಸೊಪ್ಪು ತೂಗಿ ಕೊಡಬೇಕಿತ್ತು, ಪಕ್ಕದ ಬಿಳಿಯ ಮನೆ ಕೊಡಬೇಕಿರಲಿಲ್ಲ. ಪಾರ್ಲಿಮೆಂಟಿನ ಅನ್ಯಾಯದ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡಿದ ಸಭೆಯೇ ಮನೆಯೊಳಗೆ ಮಾಡಿದ ಕಾನೂನು ಇದು.

‘ತಲೆಗಂದಾಯ’ ಅಂತ ಬರೆದರೆ ಈ ಅನ್ಯಾಯ ಪೂರ್ತಿ ಮುಚ್ಚಿಹೋಗುತ್ತದೆ. ತಲೆಗಂದಾಯ ಅಂದರೆ ಎಲ್ಲರ ತಲೆಗೂ ಸಮ ಅಂತ ಓದುವವರು ತಿಳಿಯುತ್ತಾರೆ. ಇಲ್ಲಿ ಎಣಿಸಿದ್ದು ದುಡಿಸಿಕೊಳ್ಳಬಹುದಾದ ಮೈಯನ್ನು. ಕಟ್ಟುವವನು ಯಜಮಾನ, ಎಣಿಕೆಗೆ ಬರುವವರು ಅವನ ಕೈಕೆಳಗಿನವರು. ಕನ್ನಡದ ‘ಆಳು’ ಇಲ್ಲಿ ನೆರವಿಗೆ ಬರುತ್ತದೆ. ಹತ್ತಾಳಿನ ಕೆಲಸ, ಹೆಣ್ಣಾಳು, ಗಂಡಾಳು ಅನ್ನುವಾಗ ಆಳು ಅಂದರೆ ದುಡಿಮೆಯ ಲೆಕ್ಕವೇ. ಅದಕ್ಕೆ ‘ಆಳುಗಂದಾಯ’ ಅಂತ ಮಾಡಬಹುದೇ? ‘ಆಳ್ದೆರೆ’ ಅನ್ನುವುದು ಗಾಣದೆರೆ, ಮಗ್ಗದೆರೆಗಳ ಸಾಲಿಗೆ ಚೆನ್ನಾಗಿ ಸೇರುತ್ತದೆ, ಆದರೆ ಮಕ್ಕಳ ನಾಲಗೆಗೆ ಭಾರ ಅನಿಸುತ್ತದೆ. ನನ್ನ ಒಲವು ಆಳುಗಂದಾಯದ ಕಡೆಗೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಬಿಟ್ಟುಕೊಡಲು ಸಿದ್ಧ.

ಚರ್ಚಿನ ವಸೂಲಿಯ ಒಂದು ಪ್ರಸಂಗ ಹೇಳಿ ಮುಂದೆ ಹೋಗುತ್ತೇನೆ. ಪಾದ್ರಿಯ ವರ್ಷದ ಸಂಬಳ 16,000 ಪೌಂಡ್ ತೂಕದ ಹೊಗೆಸೊಪ್ಪು. 1758ರಲ್ಲಿ ಬೆಳೆ ಕೈಕೊಟ್ಟು ಬೆಲೆ ಏರಿತು. ಆಗ ವರ್ಜೀನಿಯಾದ ಸಭೆ, ಹೊಗೆಸೊಪ್ಪಿನ ಸಾಲ ಇರುವವರು ಪೌಂಡಿಗೆ 2 ಪೆನ್ಸ್ ಲೆಕ್ಕದಲ್ಲಿ ಹಣ ಕೊಟ್ಟರೆ ಸಾಕು ಅಂತ ಕಾನೂನು ಮಾಡಿತು. ಪೇಟೆಯ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಪಾದ್ರಿಗಳು ಲಂಡನ್ನಿಗೆ ದೂರು ಕೊಂಡೊಯ್ದರು, ದೊರೆ ಕಾನೂನನ್ನು ತಳ್ಳಿಹಾಕಿದ. ಜೇಮ್ಸ್ ಮೌರಿ ಅನ್ನುವ ಪಾದ್ರಿ ಬಾಕಿಗಾಗಿ ದಾವಾ ಹೂಡಿ ಗೆದ್ದ. ಎಷ್ಟು ಕೊಡಬೇಕು ಅನ್ನುವುದಷ್ಟೇ ಜ್ಯೂರಿಯ ಮುಂದೆ ಉಳಿದಿತ್ತು. 1763ರ ಡಿಸೆಂಬರಿನಲ್ಲಿ ಪ್ಯಾಟ್ರಿಕ್ ಹೆನ್ರಿ ಅನ್ನುವ ಹುಡುಗ ವಕೀಲ ಎದ್ದು ನಿಂತು, ಜನರಿಗೆ ಒಳ್ಳೆಯದಾದ ಕಾನೂನನ್ನು ತಳ್ಳುವ ದೊರೆ ದೊರೆಯೇ ಅಲ್ಲ ಅನ್ನುವಷ್ಟು ದೂರ ಹೋದ. ಜ್ಯೂರಿ ಪಾದ್ರಿಗೆ ಕೊಡಿಸಿದ್ದು ಒಂದೇ ಒಂದು ಪೆನ್ನಿ.

ಮ್ಯಾಸಚೂಸೆಟ್ಸಿನ ಪದ್ಧತಿ ಬೇರೆ. ಅಲ್ಲಿ ತಲೆಗಂದಾಯದ ಜೊತೆಗೆ ಆಸ್ತಿಯ ಮೇಲೆ, ಕಸುಬಿನ ಗಳಿಕೆಯ ಮೇಲೆ ತೆರಿಗೆ ಇತ್ತು. ಊರಿನವರು ಆರಿಸಿದವರೇ ಲೆಕ್ಕ ಕಟ್ಟುತ್ತಿದ್ದರು. ಕಸುಬಿನ ಭಾಗಕ್ಕೆ ಹಳೆ ಮೈಸೂರಿನ ‘ಮೊಹತರ್ಫಾ’ ಸರಿಯಾಗಿ ಹೊಂದುತ್ತದೆ, ಆದರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಕಸುಬುತೆರಿಗೆ ಅಂತ ಸುಲಭ ಮಾಡಿದ್ದೇನೆ. ಸುಂಕದವರು ಮನೆ, ಗೋದಾಮು ಹುಡುಕಲು ಇಟ್ಟುಕೊಂಡಿದ್ದ ಅಧಿಕಾರಪತ್ರಕ್ಕೆ ‘ಝಡ್ತಿ ಅಪ್ಪಣೆ’, ಹಿಡಿದ ಮಾಲಿಗೆ ‘ಜಪ್ತಿ’. ಇವೆರಡರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಆ ಪ್ರಸಿದ್ಧ ಘೋಷಣೆ. ‘ಪ್ರಾತಿನಿಧ್ಯವಿಲ್ಲದೆ ತೆರಿಗೆ ಇಲ್ಲ’ ಅಂತ ಪುಸ್ತಕಗಳಲ್ಲಿದೆ. ಇದು ಬೀದಿಯಲ್ಲಿ ಕೂಗುವ ಮಾತಿನ ಹಾಗಿಲ್ಲ, ನಿಯಮಾವಳಿಯ ಕಲಮಿನ ಹಾಗಿದೆ. ‘ನಮ್ಮವರು ಕೂರದ ಸಭೆಗೆ ನಾವು ತೆರಿಗೆ ತೆರುವುದಿಲ್ಲ’ ಅಂದರೆ ಹೇಗೆ? ಉದ್ದವಾಯಿತು ಅನ್ನುವವರು ಕತ್ತರಿಸಿ ಕೊಡಿ.

‘ಕರನಿರಾಕರಣೆ’ ಅನ್ನುವ ನಮ್ಮ ಮಾತನ್ನು ಬೋಸ್ಟನ್ನಿಗೆ ಬಳಸಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರುಗಳ ರೈತರು ಭೂಕಂದಾಯವನ್ನೇ ಕೊಡುವುದಿಲ್ಲ ಅಂದರು. ಜಮೀನು, ಮನೆ, ದನ ಜಪ್ತಿಯಾದರೂ ಬಗ್ಗಲಿಲ್ಲ. ಬೋಸ್ಟನ್, ಫಿಲಡೆಲ್ಫಿಯಾಗಳ ವರ್ತಕರು ಬಹುಮಟ್ಟಿಗೆ ಮಾಡಿದ್ದು ಬ್ರಿಟಿಷ್ ಮಾಲನ್ನು ತರಿಸದೆ ಇರುವುದು. ಮಾಲೇ ಬರದಿದ್ದರೆ ಸುಂಕದ ಮಾತೇ ಏಳುವುದಿಲ್ಲ. ಅದಕ್ಕೆ ಬಹಿಷ್ಕಾರ ಸಾಕು. ಕರನಿರಾಕರಣೆ ಅನ್ನುವುದು ಅಂಕೋಲೆಯವರ ಪಾಲಿಗೇ ಇರಲಿ.

ಕೊನೆಯದಾಗಿ ‘ಸೆಟ್ಲ್‌ಮೆಂಟ್’. ಅಮೆರಿಕದ ಮಟ್ಟಿಗೆ ಇದು ವಸಾಹತು, ನೆಲಸಿದ ಊರು. ಭಾರತದ ಮಟ್ಟಿಗೆ ಇದೇ ಪದಕ್ಕೆ ಕಂದಾಯ ಗೊತ್ತುಮಾಡುವುದು ಅನ್ನುವ ಅರ್ಥ. ಈಗಲೂ ನಮ್ಮ ಸರ್ವೆ ಕಚೇರಿಗಳಲ್ಲಿ ಆ ಅರ್ಥದಲ್ಲೇ ಓಡಾಡುತ್ತದೆ. ಪುಸ್ತಕದಲ್ಲಿ ಎರಡೂ ಒಂದೇ ಅಧ್ಯಾಯದಲ್ಲಿ ಬರುತ್ತವೆ, ಒಬ್ಬನೇ ಮನುಷ್ಯನ ಕಾರಣಕ್ಕೆ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1786ರಲ್ಲಿ ಬಂಗಾಳಕ್ಕೆ ಬಂದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಂಪನಿಗೂ ಅದರ ಜೊತೆಗಾರರಿಗೂ ಬರೆಸಿಕೊಂಡ. 1793ರಲ್ಲಿ ಬಂಗಾಳದ ಕಂದಾಯವನ್ನು ಕಾಯಂ ಮಾಡಿದ. ಇದನ್ನು ನಾವು ‘ಖಾಯಂ ಜಮೀನ್ದಾರಿ ಪದ್ಧತಿ’ ಅಂತ ಓದಿದ್ದೇವೆ. ಒಂದು ಕಡೆ ವಸಾಹತು, ಇನ್ನೊಂದು ಕಡೆ ಕಂದಾಯ ನಿಗದಿ ಅಂತ ಬೇರೆ ಬೇರೆ ಬರೆದಿದ್ದೇನೆ.

ಉತ್ತರ ಬರೆಯುವವರು ದಯವಿಟ್ಟು ಯಾವ ಸೀಮೆಯಲ್ಲಿ ಆ ಮಾತು ಕೇಳಿದಿರಿ ಅಂತಲೂ ತಿಳಿಸಿ. ಜೋಡಿ, ಜುಡಿ, ಕಟ್ಟುಗುತ್ತಿಗೆ, ಮೂಲಗೇಣಿ ಇವುಗಳಲ್ಲಿ ಯಾವುದು ಇಂದಿಗೂ ಬಾಯಲ್ಲಿದೆ, ಯಾವುದು ಕಾಗದದಲ್ಲಿ ಮಾತ್ರ ಉಳಿದಿದೆ ಅನ್ನುವುದು ನನಗೆ ತುಂಬ ಬೇಕು. ಆಳುಗಂದಾಯದ ಬಗ್ಗೆ ಹೆಣ್ಣುಮಕ್ಕಳ ಅಭಿಪ್ರಾಯ ಮೊದಲು ಬಂದರೆ ಸಂತೋಷ.